ಟಿ.ವಿ. ಮಾಡಿದ ಕೈಯಲ್ಲಿ ಕಾರು

ಗಂಡಸರಿಗೆ ನಲವತ್ತು ದಾಟಿದ ಮೇಲೆ ಯಾವುದಾದರೂ ಒಂದರ ಮೇಲೆ ಭಕ್ತಿ ಹುಟ್ಟುತ್ತದೆ. ಕೆಲವರಿಗೆ ಮಠದ ಮೇಲೆ, ಕೆಲವರಿಗೆ ಪಕ್ಷದ ಮೇಲೆ, ಇನ್ನು ಕೆಲವರಿಗೆ ಬೆಳಗಿನ ಬಿಸಿನೀರು ನಿಂಬೆರಸದ ಮೇಲೆ. ನಮ್ಮ ಮನೆಯವರಿಗೆ ಹುಟ್ಟಿದ್ದು ಒಂದು ಟಿ.ವಿ. ಕಂಪನಿಯ ಮೇಲೆ. ಕುಡತಿನಿಯಲ್ಲಿ ಕರೆಂಟು ಮಾಡುವ ಕಡೆ ಅವರ ನೌಕರಿ. ಕರೆಂಟು ಹೇಗೆ ಹುಟ್ಟುತ್ತದೆಂದು ಬಲ್ಲವರಿಗೆ ಅದನ್ನು ತಿನ್ನುವ ಸಾಮಾನುಗಳ ಮೇಲೆ ಪ್ರೀತಿ ಇರುವುದು ಸಹಜವೇ ಇರಬೇಕು. ಬಳ್ಳಾರಿಯ ನಮ್ಮ ಮನೆಯಲ್ಲಿ ಟಿ.ವಿ., ಫ್ರಿಜ್, ಮಿಕ್ಸಿ, ಫೋನು, ಗೋಡೆಯ ಮೇಲಿನ ಫ್ಯಾನು, ಕೊನೆಗೆ ಸೊಳ್ಳೆ ಹೊಡೆಯುವ ಬ್ಯಾಟು ಕೂಡ ಅದೇ ಕಂಪನಿಯದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಏನಾದರೂ ಅಂದೀರಿ, ಅವರು ನೊಂದುಕೊಂಡಾರು. ಪ್ರತಿವರ್ಷ ಆಯುಧಪೂಜೆಯ ದಿನ ಈ ಸಾಮಾನುಗಳಿಗೆಲ್ಲ ಸಾಲಾಗಿ ವಿಭೂತಿ, ಕುಂಕುಮ, ಚೆಂಡುಹೂವು ಏರಿಸುವ ಕೆಲಸ ನನ್ನದು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳಾದರೂ ಈ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಆದರೆ ಪೂಜೆ ಬೇರೆ, ನಂಬಿಕೆ ಬೇರೆ. ಆ ಕಂಪನಿಯ ಟಿ.ವಿ.ಗೂ ನನಗೂ ಒಂದು ವರ್ಷದಿಂದ ಮಾತುಕತೆ ಅಷ್ಟಕ್ಕಷ್ಟೆ. ಮಂಚದ ಮೇಲೆ ಕುಳಿತು ರಿಮೋಟ್ ಒತ್ತಿದರೆ ಅದು ಕೇಳುವುದಿಲ್ಲ. ಎದ್ದು ಹೋಗಬೇಕು, ಮಗ್ಗುಲಿಗೆ ನಿಲ್ಲಬೇಕು, ಸ್ವಲ್ಪ ಬಾಗಿ, ರಿಮೋಟನ್ನು ಓರೆಯಾಗಿ ಹಿಡಿದು, ದೇವರಿಗೆ ಆರತಿ ಎತ್ತುವ ಹಾಗೆ ಒಂದು ಸುತ್ತು ತಿರುಗಿಸಬೇಕು. ಆಗ ಅದರ ಮನಸ್ಸು ಬಂದರೆ ಚಾನೆಲ್ ಬದಲಾಗುತ್ತದೆ. ಸೆಲ್ಲು ಬದಲಿಸಿದೆವು. ರಿಮೋಟಿಗೆ ಅಂಗೈಯಿಂದ ಹೊಡೆದೆವು. ಹೊಸ ರಿಮೋಟನ್ನೂ ತಂದೆವು. "ಅಪ್‌ಡೇಟ್ ಬರತೈತಿ, ತಡಿ, ಎಲ್ಲಾ ಸರಿ ಆಗತೈತಿ" ಎನ್ನುವುದು ನಮ್ಮವರ ಸಮಾಧಾನ. ಇಷ್ಟೆಲ್ಲ ಆಗಿರುವಾಗ ಒಂದು ದಿನ ಅವರು ಕುಡತಿನಿಯಿಂದ ಬಂದವರೇ ಕಾಲು ಕೂಡ ತೊಳೆಯದೆ, "ಕಂಪನಿಯೋರು ಕರೆಂಟ್ ಕಾರು ಮಾಡ್ಯಾರ, ನಾ ಬುಕ್ ಮಾಡೇನಿ" ಎಂದರು.

ನಾನು ಟಿ.ವಿ.ಯ ಕಡೆ ನೋಡಿದೆ. "ಏನ್ರೀ, ಮಂಚದಿಂದ ಒತ್ತಿದ್ರ ಟಿ.ವಿ. ಕೇಳಂಗಿಲ್ಲ. ಸೀಟಿನಿಂದ ಒತ್ತಿದ್ರ ಅವರ ಬ್ರೇಕ್ ಕೇಳತೈತೇನು?" ಎಂದೆ. ಭಕ್ತರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ, ಕನಿಕರದಿಂದ ನೋಡುತ್ತಾರೆ. ಸಿರುಗುಪ್ಪದಲ್ಲಿ ಅಕ್ಕಿ ಮಿಲ್ಲು ನೋಡಿಕೊಳ್ಳುವ ನನ್ನ ತಮ್ಮ ಬಸವರಾಜ ಫೋನಿನಲ್ಲಿ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾವಾರ, ಮಿಕ್ಸಿ ಮಾಡೋರು ಕಾರು ಮಾಡಾಕ ಹತ್ತಿದ್ರ, ನಾಳಿ ಹಪ್ಪಳ ಮಾಡೋರು ವಿಮಾನ ಬಿಡ್ತಾರ ನೋಡ್ರಿ" ಎಂದ. ನಮ್ಮವರು ಬಹಳ ಶಾಂತವಾಗಿ, "ಬಸವರಾಜ, ಕಾರು ಅಂದ್ರ ಈಗ ಇಂಜಿನ್ ಅಲ್ಲಪಾ. ಒಂದು ಬ್ಯಾಟರಿ, ಒಂದು ಮೋಟಾರು, ಒಂದು ಸ್ಕ್ರೀನು. ಈ ಮೂರನ್ನೂ ಅವರು ನಿನ್ನ ಮಿಲ್ಲು ಹುಟ್ಟೋಕಿಂತ ಮೊದಲಿಂದ ಮಾಡ್ಯಾರ. ಗಾಲಿ ಹಚ್ಚೋದೊಂದು ಬಾಕಿ ಇತ್ತು, ಅದನ್ನೂ ಹಚ್ಚಿದ್ರು" ಎಂದರು. ಕೇಳುವುದಕ್ಕೆ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿರುವ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಅನುಮಾನ.

ಕಾರು ಬಂತು. ಬೆಳ್ಳಗೆ, ನಮ್ಮ ಫ್ರಿಜ್ಜಿನದೇ ಬಣ್ಣ. ಗುಂಡಿ ಒತ್ತಿದರೆ ಟಿ.ವಿ. ಆನ್ ಆಗುವಾಗ ಬರುವ ಅದೇ ಸಂಗೀತ. ಬಾಗಿಲು ಸರಿಯಾಗಿ ಹಾಕದಿದ್ದರೆ ಫ್ರಿಜ್ಜಿನ ಹಾಗೆಯೇ ಕುಂಯ್ ಎನ್ನುತ್ತದೆ. ಎ.ಸಿ. ಬಗ್ಗೆ ಮಾತ್ರ ಎರಡು ಮಾತಿಲ್ಲ, ಬಳ್ಳಾರಿಯ ಬಿಸಿಲಿನಲ್ಲಿ ಅದರೊಳಗೆ ಕುಳಿತರೆ ಫ್ರಿಜ್ಜಿನಲ್ಲಿಟ್ಟ ಕೊತ್ತಂಬರಿ ಸೊಪ್ಪಿನ ಸುಖ ಏನೆಂದು ತಿಳಿಯುತ್ತದೆ. ಸರಿಯಾಗಿ ಅದೇ ವಾರ ಬಸವರಾಜನ ಮಗಳ ತೊಟ್ಟಿಲ ಕಾರ್ಯ ಬಂತು. ಅವನ ಹೆಂಡತಿಯ ತವರೂ ಸಿರುಗುಪ್ಪವೇ ಆದ್ದರಿಂದ ಕಾರ್ಯವೂ ಅಲ್ಲೇ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. 'ಅಕ್ಷರಾ' ಎಂಬ ಹೆಸರನ್ನು ತಮ್ಮ, ಅವನ ಹೆಂಡತಿ ನನಗೊಬ್ಬಳಿಗೇ ಹೇಳಿದ್ದರು.

ಇದರಲ್ಲಿ ಗುಟ್ಟೇಕೆ ಎಂದರೆ, ಅದಕ್ಕೆ ಕಾರಣ ಶಾಂತಕ್ಕ. ಸಿರಿಗೇರಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗಳು. ಲೆಕ್ಕದಲ್ಲಿ ಅವಳೂ ಸೋದರತ್ತೆಯೇ, ನನಗಿಂತ ಹಿರಿಯಳು ಬೇರೆ. ಮಗುವಿಗೆ ಮುತ್ತಜ್ಜಿಯ ಹೆಸರು 'ಬಸಲಿಂಗಮ್ಮ' ಇಡಬೇಕೆಂದು ಅವಳು ಪಣ ತೊಟ್ಟಿದ್ದಳು. ಮುಹೂರ್ತದ ಹೊತ್ತಿಗೆ ನಾನು ಅಲ್ಲಿರದಿದ್ದರೆ ಹಿರಿಯರು ತೊಟ್ಟಿಲ ಮುಂದೆ ಅವಳನ್ನೇ ಕೂರಿಸುತ್ತಾರೆ. ಒಮ್ಮೆ ಕಿವಿಯೊಳಗೆ ಬಸಲಿಂಗಮ್ಮ ಹೊಕ್ಕರೆ ಆಮೇಲೆ ಅಕ್ಷರಾ ಬರಿದೇ ಶಾಲೆಯ ಹಾಜರಿಗೆ. ಮುತ್ತಜ್ಜಿಯ ಮೇಲೆ ನನಗೆ ಗೌರವವಿದೆ, ಆದರೆ ತಮ್ಮನಿಗೆ ಮಾತು ಕೊಟ್ಟಿದ್ದೆ. "ಅಕ್ಕ, ನೀ ಬಸ್ಸಿಗೆ ಬಾ, ಆ ಟಿ.ವಿ.ಯಾಗ ಕುಂತು ಬರಬ್ಯಾಡ" ಎಂದು ಅವನು ಅಂಗಲಾಚಿದ. ನಮ್ಮವರ ಮುಖ ಸಣ್ಣಗಾಯಿತು. ಅದನ್ನು ನೋಡಲಾರದೆ ನಾನು ಕಾರನ್ನೇ ಹತ್ತಿದೆ.

ದಾರಿಯಲ್ಲಿ ಕುರುಗೋಡಿನಲ್ಲಿ ನಮ್ಮ ಅತ್ತೆಯನ್ನು ಹತ್ತಿಸಿಕೊಳ್ಳಬೇಕಿತ್ತು. ಅವರು ಹಿರಿಮಗನ ಮನೆಯಲ್ಲಿ ಇದ್ದಾರೆ, ಆ ಮನೆಯನ್ನು ಆಳುತ್ತಾರೆ ಎಂದರೆ ಹೆಚ್ಚು ಸರಿ. ಪೂಜೆ ಆಗದ ಗಾಡಿಗೆ ಅವರು ಕಾಲಿಡುವವರಲ್ಲ. ಬಸವಣ್ಣನ ಗುಡಿಯ ಮುಂದೆ ಕಾರು ನಿಲ್ಲಿಸಿ, ತಟ್ಟೆ ಹಿಡಿದು ಅದರ ಸುತ್ತ ಒಂದು ಸುತ್ತು ಬಂದರು. ನಮ್ಮವರು ಹುರುಪಿನಿಂದ, "ಯವ್ವಾ, ಇದು ಬರೇ ಗಾಡಿ ಅಲ್ಲ, ಇದಕ್ಕ ಕಣ್ಣು ಅದಾವ. ಎದುರಿಗೆ ಏನಾರ ಬಂದ್ರ ತಾನ ನೋಡಿ ತಾನ ನಿಂದ್ರತೈತಿ. ಮುಂದಿನ ಕಡೆ ಮೂರು ಕಣ್ಣು" ಎಂದು ಒಂದೊಂದಾಗಿ ಬೊಟ್ಟು ಮಾಡಿ ತೋರಿಸಿದರು.

"ಮೂರು ಕಣ್ಣೇನು!" ಅತ್ತೆಯ ಮುಖ ಅರಳಿತು. "ಹಂಗಾದ್ರ ಇದು ಮುಕ್ಕಣ್ಣನ ಪೈಕಿನ!" ಎಂದವರೇ ವಿಭೂತಿ ನೀರಿನಲ್ಲಿ ಕಲಸಿ ಮೂರೂ ಕಣ್ಣಿಗೆ ಧಾರಾಳವಾಗಿ ಬಳಿದರು. ಅದರ ಮೇಲೆ ಕುಂಕುಮ. ದೃಷ್ಟಿ ತಾಗದಿರಲೆಂದು ಮುಂದಿನ ಬಂಪರಿನಿಂದ ಉದ್ದನೆಯ ದಾರದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗುಬಿಟ್ಟರು. "ಹಿಂದೂ ಒಂದು ಕಣ್ಣು ಐತಿ ಯವ್ವಾ" ಎಂದು ನಮ್ಮವರು ನೆನಪಿಸಿದರು. "ಬೆನ್ನಿಗೆ ಏನು ದೃಷ್ಟಿ ತಾಕತೈತಪ್ಪ, ಎದುರಿಗೆ ಬಂದೋರ ಕಣ್ಣೇ ಕೆಟ್ಟವು" ಎಂದು ಅದನ್ನು ಬಿಟ್ಟರು. ನಾನು ಪಕ್ಕದಲ್ಲೇ ನಿಂತು ಕರ್ಪೂರ ಹಚ್ಚಿಕೊಟ್ಟೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ, ಅಪಾರದರ್ಶಕ ವಸ್ತು ಅಡ್ಡ ಬಂದರೆ ದಾಟುವುದಿಲ್ಲ ಎಂದು ಹಿಂದಿನ ವಾರವಷ್ಟೇ ಎಂಟನೆಯ ತರಗತಿಗೆ ಪಾಠ ಮಾಡಿದ್ದವಳು.

ಊರು ದಾಟುವವರೆಗೆ ಕಾರು ಸುಮ್ಮನಿತ್ತು. ಮೊದಲ ರಸ್ತೆ ಉಬ್ಬಿನಲ್ಲಿ ನಿಂಬೆಹಣ್ಣು ಜೋಕಾಲಿಯಾಡಿತು ನೋಡಿ, ಕಾರು ಗಕ್ಕನೆ ನಿಂತಿತು. ಒಳಗಿನಿಂದ ಒಬ್ಬ ಹೆಣ್ಣುಮಗಳು ಶುದ್ಧ ಕನ್ನಡದಲ್ಲಿ, "ಮುಂಭಾಗದಲ್ಲಿ ಅಡಚಣೆ ಕಂಡುಬಂದಿದೆ" ಎಂದಳು. ರಸ್ತೆಯಲ್ಲಿ ಒಂದು ಕೋಳಿಯೂ ಇರಲಿಲ್ಲ. "ಯಾರಪ್ಪ ಒಳಗ ಕುಂತಾಕಿ? ಸಾಲಿ ಟೀಚರ್ ಇದ್ದಂಗ ಅದಾಳ" ಎಂದರು ಅತ್ತೆ, ನನ್ನ ಕಡೆ ನೋಡದೆ. ಮುಂದೆ ಹೋದೆವು, ಮತ್ತೆ ನಿಂತಿತು. ಸಿರಿಗೇರಿ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ, ಎರಡೂ ಕಡೆ ಭತ್ತದ ಗದ್ದೆ ಇರುವಲ್ಲಿ, ಅಡಚಣೆ ಅಡಚಣೆ ಎನ್ನುತ್ತ ಪೂರ್ತಿ ಮುಷ್ಕರ ಹೂಡಿತು. ನಮ್ಮವರು ಕಂಪನಿಗೆ ಫೋನ್ ಹಚ್ಚಿದರು. ಬೆಂಗಳೂರು ಕಡೆಯ ಹುಡುಗಿಯೊಬ್ಬಳು ಬಹಳ ವಿನಯದಿಂದ, "ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?" ಎಂದಳು. ಮಾಡಿದರು. ಟಿ.ವಿ. ಸಂಗೀತ ಬಂತು, ಅಡಚಣೆಯೂ ಬಂತು. "ಕ್ಯಾಮೆರಾ ಮೇಲೆ ಧೂಳು, ಕೆಸರು, ಹಕ್ಕಿ ಹಿಕ್ಕೆ, ಯಾವುದಾದ್ರೂ ಕೊಳೆ ಇದೆಯಾ ನೋಡಿ ಸರ್" ಎಂದಳು. ನಮ್ಮವರು ಇಳಿದು ಮುಂದೆ ಬಗ್ಗಿ ನೋಡಿದರು. ನಾನೂ ಇಳಿದು ನೋಡಿದೆ. ಇಬ್ಬರೂ ಒಂದೇ ದನಿಯಲ್ಲಿ, "ಇಲ್ಲ, ಸ್ವಚ್ಛ ಐತಿ" ಎಂದೆವು. ಬಸವಣ್ಣನ ಸನ್ನಿಧಿಯ ವಿಭೂತಿಗೆ ಕೊಳೆ ಎನ್ನಲು ನಾಲಿಗೆ ಹೊರಳುವುದು ಹಾಗಿರಲಿ, ಹಾಗೆಂದು ತಲೆಗೇ ಹೊಳೆಯಲಿಲ್ಲ. "ಎದುರಿಗೆ ಅಡ್ಡವಾಗಿ ಏನಾದ್ರೂ ವಸ್ತು?" "ಏನೂ ಇಲ್ಲಮ್ಮ." ನಿಂಬೆಹಣ್ಣು ನಮ್ಮ ಮೂಗಿನ ಕೆಳಗೇ ತೂಗುತ್ತಿತ್ತು.

ಅಷ್ಟರಲ್ಲಿ ತೊಟ್ಟಿಲ ಕಾರ್ಯಕ್ಕೆ ಹೊರಟ ಸಿರಿಗೇರಿಯ ಹೆಂಗಸರನ್ನು ತುಂಬಿಕೊಂಡು, ಹಿಂದಿನ ಊರಿನಲ್ಲಿ ಇನ್ಯಾರನ್ನೋ ಹತ್ತಿಸಿಕೊಂಡು ಬರುತ್ತಿದ್ದ ಒಂದು ಟಂಟಂ ಆಟೋ ನಮ್ಮ ಪಕ್ಕ ನಿಂತಿತು. ಒಳಗಿನಿಂದ ಶಾಂತಕ್ಕನ ಮುಖ ಹೊರಬಂತು. "ಯಾಕ ಗಿರಿಜಾ, ಹೊಸಾ ಗಾಡಿ ಮುನಿಸ್ಕೊಂಡೈತೇನು?" "ಶಾಂತಕ್ಕ, ನನಗೊಂದು ಸ್ವಲ್ಪ ಜಾಗ ಕೊಡು" ಎಂದೆ. "ಎಲ್ಲೈತವಾ ಜಾಗ, ಕಡ್ಡಿ ತೂರಂಗಿಲ್ಲ. ನೀ ನಿಧಾನಕ ಬಾ. ಹೆಸರಿಡೋ ಚಿಂತಿ ಬಿಡು, ನಾ ಅದೀನಿ" ಎಂದಳು. ಟಂಟಂ ಹೊರಟೇ ಹೋಯಿತು. ನನಗೆ ಅಳುವೇ ಬಂತು. "ನಿಮ್ಮ ಕಂಪನಿಗೆ ಟಿ.ವಿ. ಬರಂಗಿಲ್ಲ, ಕಾರು ಬರಂಗಿಲ್ಲ, ನನ್ನ ತಮ್ಮನ ಮುಂದ ಏನಂತ ಮುಖ ತೋರಿಸ್ಲಿ?" ಎಂದು ನಡುರಸ್ತೆಯಲ್ಲಿ ಕೂಗಾಡಿದೆ. ಕಾರಿನ ಬೆನ್ನು ಸವರುತ್ತ ನಿಂತಿದ್ದ ನಮ್ಮವರು, ಹಿಂದಕ್ಕಾದರೂ ಹೋಗುತ್ತದೋ ನೋಡೋಣವೆಂದು ಒಳಗೆ ಕುಳಿತು ರಿವರ್ಸ್ ಹಾಕಿದರು. ಕಾರು ಹೂವಿನ ಹಾಗೆ ಹಿಂದೆ ಸರಿಯಿತು. ಹಿಂದಿನ ಕಣ್ಣಿಗೆ ದೃಷ್ಟಿಪರಿಹಾರ ಆಗಿರಲಿಲ್ಲವಲ್ಲ!

ಅವರು ಸೋಲೊಪ್ಪುವ ಪೈಕಿ ಅಲ್ಲ. ಪಕ್ಕದ ಕಣದಲ್ಲಿ ಹಿಂದುಹಿಂದಕ್ಕೇ ಅರ್ಧ ಸುತ್ತು ಹಾಕಿ, ಕಾರಿನ ಬೆನ್ನನ್ನು ಸಿರುಗುಪ್ಪದ ಕಡೆಗೆ ಮಾಡಿ, "ಹತ್ತರಿ" ಎಂದರು. ಹೀಗೆ ನಾವು ಕುರುಗೋಡಿನ ಕಡೆ ಮುಖ ಮಾಡಿಕೊಂಡು ಸಿರಿಗೇರಿಯ ಕಡೆ ಹೊರಟೆವು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು ನೋಡಿದರು. ಒಬ್ಬ ಬೈಕಿನವನು ನಮ್ಮ ಜೊತೆಗೇ ಬರುತ್ತ, "ಹರಕಿ ಏನ್ರೀ ಸರ?" ಎಂದು ಕೇಳಿದ. ಅತ್ತೆಯೊಬ್ಬರೇ ಆರಾಮಾಗಿದ್ದರು. "ಇದ ಚಲೋ ಐತಿ, ಬಿಟ್ಟು ಬಂದಿದ್ದು ಎಲ್ಲಾ ಕಾಣತೈತಿ" ಎಂದರು. ಆದರೆ ಕತ್ತು ಹಿಂದೆ ತಿರುಗಿಸಿಕೊಂಡು ಎಷ್ಟು ದೂರ ಓಡಿಸಲಾದೀತು? ಸಿರಿಗೇರಿ ಕಾಣುವ ಹೊತ್ತಿಗೆ ನಮ್ಮವರ ಕತ್ತು ಹಿಡಿದುಕೊಂಡಿತು, ಬೇವಿನ ಮರದ ಕೆಳಗೆ ನಿಲ್ಲಿಸಿದರು.

ಆಗ ಅತ್ತೆ ಇಳಿದರು. "ಇದಕ್ಕ ಆ ಶಾಂತಿ ಕಣ್ಣು ತಾಕೈತಿ. ಹಳೇ ನಿಂಬಿಹಣ್ಣು ಇನ್ನ ಕೆಲಸಕ್ಕ ಬರೂದಿಲ್ಲ" ಎಂದು ದಾರ ಕಿತ್ತು, ಕಾರಿಗೆ ದೃಷ್ಟಿ ಇಳಿ ತೆಗೆದು, ನಿಂಬೆಹಣ್ಣನ್ನು ದೂರದ ಕಾಲುವೆಗೆ ಎಸೆದರು. ಆಮೇಲೆ ಹೊಸದಾಗಿ ವಿಭೂತಿ ಹಚ್ಚಲು ಹಳೆಯದನ್ನು ಸೆರಗು ಒದ್ದೆ ಮಾಡಿ ಮೂರೂ ಕಣ್ಣಿನಿಂದ ಚೆನ್ನಾಗಿ ಒರೆಸಿದರು. ಒಳಗಿನ ಟೀಚರಮ್ಮ ಕೂಡಲೇ, "ಮುಂಭಾಗದ ದಾರಿ ಸುಗಮವಾಗಿದೆ" ಎಂದಳು. "ನೋಡ್ರಿ, ಅಪ್‌ಡೇಟ್ ಬಂತು!" ಎಂದು ನಮ್ಮವರು ಚಪ್ಪಾಳೆ ತಟ್ಟಿದರು. "ನೋಡು, ದೃಷ್ಟಿ ಇಳೀತು!" ಎಂದರು ಅತ್ತೆ. ಎಂಟನೆಯ ತರಗತಿಯ ಬೆಳಕಿನ ಪಾಠ ನನಗೆ ಆಗ ಜ್ಞಾಪಕಕ್ಕೆ ಬಂತು. ಹೇಳಿಬಿಡೋಣವೆಂದು ಬಾಯಿ ತೆರೆದೆ. ನಮ್ಮವರ ಮುಖ ನೋಡಿದೆ, ಅತ್ತೆಯ ಮುಖ ನೋಡಿದೆ, ಬಾಯಿ ಮುಚ್ಚಿದೆ. ಆದರೆ ಅತ್ತೆಯ ಕೈಯಲ್ಲಿ ಹೊಸ ವಿಭೂತಿ ಸಿದ್ಧವಾಗಿ ಕಣ್ಣಿನ ಹತ್ತಿರ ಹೋಗುತ್ತಿತ್ತು. ಅಲ್ಲಿಗೆ ಬಸಲಿಂಗಮ್ಮ ಖಾಯಂ.

"ಅತ್ತೀ!" ಎಂದು ಕೈ ಹಿಡಿದೆ. "ಮುಕ್ಕಣ್ಣಗ ಆದ್ರೂ ವಿಭೂತಿ ಹಚ್ಚೋದು ಹಣಿಗೆ, ಕಣ್ಣಿಗಲ್ಲಲ್ರಿ?" ಅತ್ತೆ ಒಂದು ಗಳಿಗೆ ಯೋಚಿಸಿದರು. "ಹೌದವಾ! ಕಣ್ಣಾಗ ಬಿದ್ರ ಉರಿಯೂದಿಲ್ಲೇನು. ನಾನೂ ಎಂಥಾ ಹುಚ್ಚಿ" ಎಂದು ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ಅಗಲವಾಗಿ ಎಳೆದರು. ಕಾರು ಸಿರುಗುಪ್ಪದವರೆಗೆ ಮತ್ತೆ ತಕರಾರು ತೆಗೆಯಲಿಲ್ಲ.

ನಾವು ಒಳಗೆ ಹೋದಾಗ ಶಾಂತಕ್ಕ ತೊಟ್ಟಿಲ ಮುಂದೆ ಕುಳಿತು, ಸೆರಗು ಸರಿಪಡಿಸಿಕೊಂಡು, ಮಗುವಿನ ಕಿವಿಯತ್ತ ಬಗ್ಗುತ್ತಿದ್ದಳು. "ಬಂದ್ಲು, ಬಂದ್ಲು, ಗಿರಿಜಕ್ಕ ಬಂದ್ಲು" ಎಂದು ಬಸವರಾಜ ಕೂಗಿದ. ಹಿರಿಯರು ನನಗೆ ಜಾಗ ಬಿಡಿಸಿದರು. ಸೋದರತ್ತೆ ಕಿವಿಯಲ್ಲಿ ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮಲ್ಲಿ ಪದ್ಧತಿ, ಎಲ್ಲರೂ ತಮಾಷೆಗೆ ಗುದ್ದುತ್ತಾರೆ. ಶಾಂತಕ್ಕನ ಗುದ್ದಿನಲ್ಲಿ ತಮಾಷೆ ಇರಲಿಲ್ಲ, ಬಸಲಿಂಗಮ್ಮ ಪೂರ್ತಿ ಇದ್ದಳು. ಆದರೂ 'ಅಕ್ಷರಾ' ಎಂದು ಮೂರು ಸಲ ಹೇಳಿದೆ. ಮಗು ಆಕಳಿಸಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಬೆನ್ನಿನ ನೋವು ಊಟಕ್ಕೆ ಕುಳಿತ ಮೇಲೆಯೇ ಗೊತ್ತಾದದ್ದು. ಹೋಳಿಗೆ ಬಡಿಸುತ್ತ ತಮ್ಮ ಕೇಳಿದ, "ಅಕ್ಕ, ಖರೇ ಹೇಳು, ಟಿ.ವಿ. ಕಂಪನಿಗೆ ಕಾರು ಮಾಡಾಕ ಬರತೈತೋ ಇಲ್ಲೋ?" ಎದುರಿಗೆ ಕತ್ತು ಓರೆ ಮಾಡಿಕೊಂಡೇ ಉಣ್ಣುತ್ತಿದ್ದ ನಮ್ಮವರು ತುತ್ತು ನಿಲ್ಲಿಸಿದರು. "ಕಾರು ಮಾಡಾಕ ಬರತೈತಪ್ಪ. ಟಿ.ವಿ. ಮಾಡಾಕ ಮಾತ್ರ ಬರಂಗಿಲ್ಲ" ಎಂದೆ. ಎಲ್ಲರೂ ನಕ್ಕರು, ನಮ್ಮವರೂ.

ಸಂಜೆ ಬಳ್ಳಾರಿಗೆ ಬಂದೆವು. ಅವರು ಕಾರಿಗೆ ಚಾರ್ಜು ಹಾಕುತ್ತಿದ್ದರು. ನಾನು ಒಳಗೆ ಬಂದು ಮಂಚದ ಮೇಲೆ ಕುಳಿತು ರಿಮೋಟ್ ಒತ್ತಿದೆ. ಎಂದಿನಂತೆ ಮೌನ. ಬೈಯುತ್ತ ಎದ್ದು ಹೋಗಿ ಮಗ್ಗುಲಿಗೆ ನಿಂತು ಬಾಗಿದಾಗ ಕಣ್ಣಿಗೆ ಬಿತ್ತು. ಟಿ.ವಿ.ಯ ಕೆಳ ಅಂಚಿನ ನಡುವೆ ರಿಮೋಟಿನ ಬೆಳಕು ಹೊಗುವ, ಬಟಾಣಿಯಷ್ಟು ದುಂಡನೆಯ ಒಂದು ಕಿಂಡಿ. ಅದರ ಮೇಲೆ, ಬೊಟ್ಟಿಡುವುದಕ್ಕೆಂದೇ ಮಾಡಿದ ಜಾಗವೆಂಬಂತೆ, ಹೋದ ವರ್ಷದ ಆಯುಧಪೂಜೆಯಲ್ಲಿ ನನ್ನ ಕೈಯಾರೆ ನೀರಿನಲ್ಲಿ ಕಲಸಿ ಇಟ್ಟ ಕುಂಕುಮ. ಪೂಜೆಯ ಕುಂಕುಮ ಅಳಿಸಬಾರದೆಂದು ದಿನಾ ಅದರ ಸುತ್ತಲಷ್ಟೇ ನಾಜೂಕಾಗಿ ಒರೆಸುತ್ತ ಬಂದಿದ್ದೆ. ಬಾಗಿಲ ಕಡೆ ಒಮ್ಮೆ ನೋಡಿ, ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಮಂಚಕ್ಕೆ ಹಿಂತಿರುಗಿ ಒತ್ತಿದೆ. ಟಿ.ವಿ. ಹಾಡುತ್ತ ಎದ್ದಿತು. ಸಂಗೀತ ಕೇಳಿ ನಮ್ಮವರು ಓಡಿ ಬಂದು, "ಕುಂತಲ್ಲಿಂದ ಹತ್ತಿತೇನು? ನಾ ಹೇಳಿದ್ದಿಲ್ಲ, ಅಪ್‌ಡೇಟ್ ಬರತೈತಿ ಅಂತ!" ಎಂದರು.

ಸೆರಗನ್ನು ಮುದುಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು, "ಹೌದ್ರೀ, ಈಗಷ್ಟ ಬಂತು" ಎಂದೆ.