ಮಾವ ಕಂಪ್ಯೂಟರ್ ಖಾಲಿ ಮಾಡಿದ್ದು

ಬಸ್ಸಿನಲ್ಲಿ ಪಕ್ಕದವರು "ಎಲ್ಲಿಗಿ ಹೊಂಟೀರಿ?" ಎಂದು ಕೇಳಿದರೆ "ಮುಂದಕ್ಕ" ಎಂದು ಉತ್ತರಿಸುವ ಮನುಷ್ಯ ನಮ್ಮ ಸೋದರಮಾವ. ಕಂಡಕ್ಟರಿಗಾದರೂ ಊರ ಹೆಸರು ಹೇಳುತ್ತಾರಲ್ಲ, ಅದೇ ನಮ್ಮ ಪುಣ್ಯ!

ಇಂಥವರು ಜೀವಮಾನವಿಡೀ ಮಾಡಿದ್ದು ಯಾವ ಕೆಲಸ ಅಂತೀರಿ? ಸಂಬಂಧ ಕೂಡಿಸುವುದು! ಜಹೀರಾಬಾದಿನಲ್ಲಿ ಕುಳಿತು ತಾಂಡೂರಿನ ಹುಡುಗಿಗೆ ಬೀದರದ ಹುಡುಗನನ್ನು ಹುಡುಕುವುದು, ನಾರಾಯಣಖೇಡದವರನ್ನು ನ್ಯಾಲ್ಕಲ್‌ನವರಿಗೆ ಬೀಗರನ್ನಾಗಿಸುವುದು. ಇದನ್ನವರು ಶಿವನ ಸೇವೆ ಎನ್ನುತ್ತಿದ್ದರು. ಮಾತಾಡುವ ಭಾಗವೆಲ್ಲ ನಮ್ಮತ್ತೆಯದು, ಬಾಯಿ ಮುಚ್ಚಿಕೊಂಡಿರುವ ಭಾಗ ಮಾವನದು.

ನಮ್ಮಲ್ಲಿ ಸಂಬಂಧ ಕೂಡದಿದ್ದರೆ ಹುಡುಗಿಯ ಫೋಟೊ ತಿರುಗಿ ಕೊಡಬೇಕು. ಮಾವ ಅಂಚೆಯನ್ನು ನಂಬಿದವರಲ್ಲ. ಫೋಟೊವನ್ನು ಕರವಸ್ತ್ರದಲ್ಲಿ ಸುತ್ತಿ, ಜೀಪು ಹತ್ತಿ, ಹುಡುಗಿಯ ತಾಯಿಯ ಕೈಗೇ ಕೊಟ್ಟು ಬರುತ್ತಿದ್ದರು. ಮುಂದೆ ಫೋಟೊಗಳು ಫೋನಿಗೆ ಬಂದು ಕಂಪ್ಯೂಟರಿಗೆ ಸೇರತೊಡಗಿದವು. ಈಗ ತಿರುಗಿ ಕೊಡುವುದು ಹೇಗೆ? ಮಾವ ತಲೆ ಓಡಿಸಿದರು. ಅಂಗಡಿಯಲ್ಲಿ ಬಣ್ಣದ ಪ್ರಿಂಟು ತೆಗೆಸಿ, ಅದೇ ಕರವಸ್ತ್ರದಲ್ಲಿ ಸುತ್ತಿ ಕೊಟ್ಟು ಬಂದರು! ಇದನ್ನು ನಾವು ಕೊಟ್ಟೇ ಇಲ್ಲವಲ್ಲ ಎಂದು ಆ ತಾಯಿ ಕಣ್ಣು ಕಣ್ಣು ಬಿಟ್ಟರಂತೆ. ಒಪ್ಪಿಸಿದೆನೆಂಬ ನೆಮ್ಮದಿ ಮಾವನಿಗೆ. ಫೋಟೊ ಮಾತ್ರ ಕಂಪ್ಯೂಟರಿನಲ್ಲಿ ಹಾಯಾಗಿತ್ತು!

ಹೋದ ವರ್ಷ ಅತ್ತೆ ಲಿಂಗೈಕ್ಯರಾದರು. ಮಾತಾಡುವವರು ಹೋದ ಮೇಲೆ ಮಾವ ಈ ಸೇವೆ ಸಾಕೆಂದರು. ಮೊಗುಡಂಪಲ್ಲಿಯ ಮಠದಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಯುತ್ತದೆ. ಕಂಪ್ಯೂಟರನ್ನು ಅಲ್ಲಿಗೆ ಕೊಡುವುದೆಂದಾಯಿತು. ಕೊಡುವ ಮೊದಲು ಒಳಗಿದ್ದದ್ದನ್ನೆಲ್ಲ ತೋರುಬೆರಳಿನಲ್ಲಿ ಒಂದೊಂದಾಗಿ ಅಳಿಸಿದರು. ಆಮೇಲೆ ಒದ್ದೆ ಬಟ್ಟೆಯಿಂದ ಪರದೆಯನ್ನೂ ಒರೆಸಿದರು. ಎಲ್ಲಾದರೂ ಅಂಟಿಕೊಂಡಿದ್ದರೆ!

ತಾಂಡೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಮಗಳು ರಜೆಗೆ ಬಂದಿದ್ದಳು. ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ತೆರೆದು ತೋರಿಸಿದಳು. ಎಲ್ಲ ಹುಡುಗಿಯರೂ ಅಲ್ಲೇ ಇದ್ದರು!

"ಇದರಾಗ ಕಸದ ಬುಟ್ಟಿ ಯಾರಿಟ್ರು?" ಎಂದು ಮಾವ ರೇಗಿದರು.

ಬುಟ್ಟಿಯನ್ನೂ ಬರಿದು ಮಾಡಿದ್ದಾಯಿತು. ಮಾವ ಎದ್ದರು. ಮಗಳು ಏಳಲಿಲ್ಲ.

"ಇನ್ನಾ ಅದಾವ್ರಿ ಅಜ್ಜಾ."

ಅಳಿಸುವುದೆಂದರೆ ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತ ಹಾಗೆ, ಒಳಗಿನವರು ಒಳಗೇ ಇರುತ್ತಾರೆ, ಅವರ ಮೇಲೆ ಬೇರೇನಾದರೂ ಬರೆಯುವತನಕ ಕೆದಕಿದವರಿಗೆ ಸಿಗುತ್ತಾರೆ ಎಂದು ವಿವರಿಸಿದಳು. ಮಾವ ನಂಬಲಿಲ್ಲ. ಅಳಿಸಿದ್ದನ್ನು ಹುಡುಕುವ ಯಾವುದೋ ಪ್ರೋಗ್ರಾಮ್ ಹಾಕಿ ಕೆದಕಿದಳು. ಮೊದಲು ಮೇಲೆದ್ದು ಬಂದದ್ದು ಹಸಿರು ಸೀರೆಯ, ತಲೆ ತುಂಬ ಮಲ್ಲಿಗೆಯ ಒಬ್ಬ ಹುಡುಗಿ.

ನನ್ನ ಮಗಳೇ. ನಿಶ್ಚಯವಾದ ಮೇಲೆ ಮುರಿದುಹೋದ ನಾರಾಯಣಖೇಡದ ಸಂಬಂಧಕ್ಕೆ ತೆಗೆಸಿದ ಫೋಟೊ. ನಾನು ಪರದೆಗೆ ಕೈ ಅಡ್ಡ ಹಿಡಿದೆ. ಮಾವ ನೆಲ ನೋಡಿದರು. ಅವಳೊಬ್ಬಳೇ ನಕ್ಕಳು.

"ಹೂವ ಭಾಳ ಮುಡಿಸಿದ್ದಿ ನೋಡವ್ವಾ."

ಆ ನಗು ಕೊಟ್ಟ ಶಿವನಿಗೆ ನಾನು ಒಳಗೊಳಗೇ ಕೈಮುಗಿದೆ.

ಮಾವ ಟೋಪಿ ತೆಗೆದು ಮಂಚದ ಮೇಲೆ ಕುಸಿದರು. ಬೇಡವೆನಿಸಿಕೊಂಡ ಹುಡುಗಿಯರೆಷ್ಟೋ ಜನ ಇಂದು ತಮ್ಮ ಮನೆಗಳಲ್ಲಿ ತಣ್ಣಗಿದ್ದಾರೆ. ಅವರ ಮುಖ ಇನ್ಯಾರದೋ ಕೈಗೆ ಸಿಕ್ಕರೆ? "ಅವರ ಅವ್ವಗೋಳಿಗಿ ನಾ ಮಾತು ಕೊಟ್ಟೀನವ್ವ," ಎಂದರು. ಅಷ್ಟು ಉದ್ದದ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅಪರೂಪ.

ಉಪಾಯ ಒಂದೇ, ಹೊಸದೇನನ್ನಾದರೂ ಅಂಚಿನತನಕ ತುಂಬಬೇಕು ಎಂದಳು ಮಗಳು. ಏನು ತುಂಬುವುದು? ಮಾವನ ಹತ್ತಿರ ಇದ್ದುದಾದರೂ ಏನು? ಅವರು ಸುಮ್ಮನೆ ಜೇಬಿನಿಂದ ಫೋನ್ ತೆಗೆದು ಕೊಟ್ಟರು. ಅದರಲ್ಲಿ ಅತ್ತೆಯ ಸೋಮವಾರದ ಹಾಡುಗಳಿದ್ದವು. ಆಕೆ ಪೂಜೆಯಲ್ಲಿ ಹಾಡುವಾಗ, ಆಕೆಗೆ ತಿಳಿಯದ ಹಾಗೆ ರೆಕಾರ್ಡು ಮಾಡಿಟ್ಟುಕೊಂಡಿದ್ದರಂತೆ. ಇದೂ ಗುಟ್ಟೇ!

ಹೊಟ್ಟೆಯಲ್ಲಿ ಒಂದು ಗುಟ್ಟನ್ನೂ ಇಟ್ಟುಕೊಳ್ಳಲಾರದ ನಮ್ಮತ್ತೆಗೆ ಊರಿನ ಗುಟ್ಟನ್ನೆಲ್ಲ ಮುಚ್ಚುವ ಕೆಲಸ ಬಂತು. ಅವೇ ಹಾಡುಗಳನ್ನು ಮಗಳು ಮತ್ತೆ ಮತ್ತೆ ನಕಲು ಮಾಡಿದಳು. ನಾನು ರೊಟ್ಟಿ ಬಡಿದು ಮುಗಿಸಿದರೂ ಪೆಟ್ಟಿಗೆ ಗುರುಗುಡುತ್ತಲೇ ಇತ್ತು. ಕಡೆಗೆ ಜಾಗವಿಲ್ಲವೆಂದಿತು. ಮಗಳು ತಿರುಗಿ ಕೆದಕಿದಳು. ಹುಡುಗಿಯರು ಯಾರೂ ಬರಲಿಲ್ಲ. ಎಲ್ಲಿ ಒತ್ತಿದರೂ ಅತ್ತೆ ಹಾಡುತ್ತಿದ್ದರು.

"ಎಲ್ಲಾ ಪೋರಿಗೋಳ ಮ್ಯಾಲ ನಿಮ್ಮತ್ತಿ ಸೆರಗು ಹೊಚ್ಯಾಳ ನೋಡು," ಎಂದರು ಮಾವ ನನಗೆ.

ಮಠದ ಮಕ್ಕಳಿಗೆ ಜಾಗ ಬೇಕಲ್ಲ? ಇನ್ನು ಹಾಡುಗಳನ್ನು ಅಳಿಸಬೇಕಿತ್ತು. ಫೋನಿನಲ್ಲಿ ಹೇಗೂ ಇವೆ ಎಂದು ಮಗಳು ಸಮಾಧಾನ ಹೇಳಿದಳು. ಆದರೂ ಮಾವನ ತೋರುಬೆರಳು ಗುಂಡಿಯ ಮೇಲೆಯೇ ನಿಂತುಬಿಟ್ಟಿತು.

"ಅಳಿಸಿದ್ರೂ ಅಡಿಯಾಗ ಹಂಗೇ ಇರ್ತದ ಅಂದ್ಯಲ್ಲ?"

"ಹೌದ್ರಿ ಅಜ್ಜಾ. ಮ್ಯಾಲ ಮಕ್ಕಳು ಬರಿಯೋತನಕ ಇರ್ತದ."

ಮಾವ ಟೋಪಿಯನ್ನು ಮತ್ತೆ ತಲೆಗೇರಿಸಿದರು.

"ಬರೀಲಿ. ಮಕ್ಕಳಂದ್ರ ಆಕಿಗಿ ಜೀವ," ಎಂದು ತಾವೇ ಒತ್ತಿದರು.