ಗಾಡಿ ಕಾಯುವವನ ಬೆಟ್ಟ

ಬಾಡಿಗೆ ಗಾಡಿ ಓಡಿಸುವವನು ನಗಲಿಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ಹಿಂದಿನ ಸೀಟಿನಲ್ಲಿ ಮಂದಿ ಕೂತರೆ ಸಾಕು. ಬಳ್ಳಾರಿಯಿಂದ ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ವರ್ಷವರ್ಷವೂ ಹೋಗುತ್ತೇನೆ. ಮಂದಿ ಬೆಟ್ಟ ಹತ್ತುತ್ತಾರೆ, ನಾನು ಕೆಳಗೆ ಗಾಡಿ ಕಾಯುತ್ತೇನೆ. ಹುಟ್ಟಿದಾಗಿನಿಂದ ಕಾದ ಬಂಡೆಗಲ್ಲನ್ನೇ ನೋಡಿದ ಕಣ್ಣು ನನ್ನದು. ಒಮ್ಮೆ ಮೇಲೆ ನಿಂತು ಆ ಹಸಿರನ್ನು ಕಣ್ತುಂಬ ನೋಡಬೇಕೆಂಬ ಆಸೆ ಹಾಗೇ ಉಳಿದಿತ್ತು.

ಹುಲ್ಲು

ಸಿರುಗುಪ್ಪದ ಕಡೆ ಕರೂರಿನ ರೈತ ಕುಟುಂಬವೊಂದು ಬಂದಿತ್ತು. ಇಳಿದು ಬಂದ ಯಜಮಾನರನ್ನು ಆಸೆಯಿಂದ ಕೇಳಿದೆ, “ಹೆಂಗಿತ್ರಿ ಮ್ಯಾಲೆ?”

“ಏನ್ ಹೇಳ್ಲೋ ತಮ್ಮಾ, ಗುಡ್ಡದ ತುಂಬ ಹುಲ್ಲು! ಮೇಯಾಕ ಒಂದ ಎಮ್ಮಿ ಇಲ್ಲ!”

ದಾರಿಯುದ್ದಕ್ಕೂ ಅದೇ ಸಂಕಟ. ಊರು ಮುಟ್ಟಿದವರೇ ಸೀದಾ ಕೊಟ್ಟಿಗೆಗೆ ಹೋಗಿ ಎಮ್ಮೆಯ ಮೈ ಸವರಿದರು: “ನಿನ್ನ ಬಿಟ್ಟು ಹೋಗಿದ್ದು ತಪ್ಪಾತವ್ವಾ.”

ಸ್ವೆಟರು

ಬಳ್ಳಾರಿ ಕಂಟೋನ್ಮೆಂಟಿನ ನಿವೃತ್ತ ಮಾಸ್ತರೊಬ್ಬರು ಬೆಟ್ಟ ಇಳಿದು ಬಂದು ಸ್ವೆಟರು ಬಿಚ್ಚಿ ಸೀಟಿನ ಮೇಲೆ ಹಾಕಿದರು. ಮೇಲಿನ ಮಂಜಿಗೆ ಒದ್ದೆಯಾಗಿತ್ತು. ಮೆಲ್ಲಗೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಹೊಟ್ಟೆಕಿಚ್ಚಾಯಿತು.

ಬಳ್ಳಾರಿ ಹತ್ತಿರವಾದಂತೆ, ಸುಡುವ ಬಿಸಿಲಲ್ಲಿ ಅದನ್ನೇ ಮತ್ತೆ ಹಾಕಿಕೊಂಡರು.

“ಯಾಕ್ರಿ ಸರ್, ಈ ಬಿಸಿಲಾಗ?”

“ಬೆಟ್ಟಕ್ಕ ಹೋಗಿ ಬಂದೀನಂತ ಓಣಿ ಮಂದಿಗೆ ಗೊತ್ತಾಗಬ್ಯಾಡೇನು? ನೀ ಎ.ಸಿ. ಜೋರು ಮಾಡು!”

ನನ್ನ ಸರದಿ

ಕೊನೆಗೆ ಹೆಂಡತಿಯೇ ಹಟ ಹಿಡಿದಳು. ಕುರುಗೋಡಿನ ಬಂಡೆಗಳ ನಡುವೆ ಬೆಳೆದವಳು, ಅಲುಗಾಡುವವಳಲ್ಲ. “ಊರ ಮಂದೀನೆಲ್ಲ ಒಯ್ದೀರಿ, ಈ ಸಲ ನಾವ ಹತ್ತೂಣು ನಡೀರಿ.”

ಅವಳ ತಮ್ಮನನ್ನು ಗಾಡಿಗೆ ಕಾವಲಿಟ್ಟು ಹತ್ತಿದೆವು. ಖುಷಿಗೆ ನನ್ನ ಎದೆ ಡವಡವ ಎನ್ನುತ್ತಿತ್ತು. ಮೇಲೆ ಬರೀ ಮಂಜು. ಕಾದು ಕೂತೆವು. ಒಮ್ಮೆಲೇ ಮಂಜು ಸರಿಯಿತು. ದೂರ ಕೆಳಗೆ, ರಸ್ತೆಯ ಬದಿ ಒಂದು ಬಿಳಿ ಚುಕ್ಕೆ, ಅದರಿಂದ ದೂರ ಸರಿಯುವ ಒಂದು ಕರಿ ಚುಕ್ಕೆ ಕಂಡವು.

“ನಮ್ಮ ಗಾಡಿ ಅಲ್ಲೇನು ಅದು? ನಿನ್ನ ತಮ್ಮ ಗಾಡಿ ಬಿಟ್ಟು ಅತ್ತಾಗ ಹೊಂಟಾನ ನೋಡು! ಹ್ಯಾಂಡ್‌ಬ್ರೇಕ್ ಹಾಕ್ಯಾನೋ ಇಲ್ಲೋ!”

“ಗುಡ್ಡ ಈ ಕಡೆ ಐತ್ರಿ, ತಿರುಗ್ರಿ!”

ತಿರುಗುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತ್ತು. ಬಹಳ ಹೊತ್ತು ಕಾದರೂ ತೆರೆಯಲಿಲ್ಲ. ಸಣ್ಣ ಹುಡುಗನಂತೆ ಅಳು ಬಂತು ನನಗೆ.

ಕೆಳಗಿಳಿದಾಗ ಅವಳ ತಮ್ಮ ಓಡಿ ಬಂದ. “ಹೆಂಗಿತ್ತು ಮಾವ, ಗುಡ್ಡ?”

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು, “ಅವರನ್ನೇನು ಕೇಳ್ತೀಲೇ? ಅಷ್ಟು ಮ್ಯಾಲೆ ಹತ್ತಿ, ನಿನ್ನ ನೋಡಿ ಬಂದಾರ!”