ನನ್ನ ಹೊಸ ಟೋಪಿಯ ಮೇಲೆ ಪವಡಿಸಿದ ಹೋಫ್ರಾಟ್ ಸಾಹೇಬರಿಗೆ

ಮಾನ್ಯರೇ,

ತಮ್ಮ ನಾಲ್ಕೂ ಗಿಡ್ಡ ಕಾಲುಗಳಿಗೆ, ನೆಲ ಗುಡಿಸುವ ಎರಡೂ ಕಿವಿಗಳಿಗೆ ಮತ್ತು ಘನತೆವೆತ್ತ ಬಾಲಕ್ಕೆ ಲೇಯೋಬೆನ್ ಊರಿನ ರೋಸ್ವಿತಾ ಪ್ರೆಟ್ನರ್ ಮಾಡುವ ನಮಸ್ಕಾರಗಳು. ಕಳೆದ ಮಂಗಳವಾರ ವಿಯೆನ್ನಾದ ಹೋಟೆಲಿನಲ್ಲಿ ತಮ್ಮ ಜೊತೆ ಊಟ ಮಾಡುವ, ಅಂದರೆ ತಾವು ಊಟ ಮಾಡುವುದನ್ನು ನೋಡುವ ಭಾಗ್ಯ ನನ್ನದಾಗಿತ್ತು. ಆ ಬಗ್ಗೆ ಸಣ್ಣದೊಂದು ದೂರಿದೆ. ತಮಗೆ ಓದು ಬರುವುದಿಲ್ಲವೆಂದು ಬಲ್ಲೆನಾದ್ದರಿಂದ ಊರವರಾದರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಇಪ್ಪತ್ತಾರು ವರ್ಷ ನನ್ನ ಕೈಯಡುಗೆ ಉಂಡು ಬಿಟ್ಟುಹೋದ ಎಗಾನ್ ಬರುವ ಶನಿವಾರ ಮರುಮದುವೆಯಾಗುತ್ತಿದ್ದಾನೆ. ದೊಡ್ಡ ಮನಸ್ಸು ಮಾಡಿ ನನ್ನನ್ನೂ ಕರೆದಿದ್ದಾನೆ. ನಾನು ಹೋಗಲೇಬೇಕು, ನನ್ನನ್ನು ನೋಡಿ ಅವನ ಹೊಟ್ಟೆ ಉರಿಯಲೇಬೇಕು. ವಿಯೆನ್ನಾಕ್ಕೆ ನಾನು ಬಂದದ್ದೇ ಅದಕ್ಕೊಪ್ಪುವ ಉಡುಗೆ ಕೊಳ್ಳಲು. ಗೆಳತಿ ಗುಂಡುಲಾ ಹೊರಡುವಾಗಲೇ ಎಚ್ಚರಿಸಿದ್ದಳು: "ಮೂರೇ ಬಣ್ಣದ ಬಟ್ಟೆ ತಗೊಂಡ್ಹೋಗು ಕಣೇ, ಕಪ್ಪು, ಬೂದು, ಬಿಳಿ. ಪೆಟ್ಟಿಗೇಲಿ ಅರ್ಧ ಖಾಲಿ ಬಿಡು. ತುಂಬಿದ ಪೆಟ್ಟಿಗೆ ಹೊತ್ಕೊಂಡು ಶಾಪಿಂಗಿಗೆ ಹೋಗೋಳು ಬರೀ ಗುಗ್ಗು!" ಅವಳ ಮಾತಿನಂತೆ ಸ್ವೆಟರನ್ನು ಸುರುಳಿ ಸುತ್ತಿ, ಕಾಲುಚೀಲಗಳನ್ನು ಬೂಟಿನೊಳಗೆ ತುರುಕಿ, ಅರ್ಧ ಪೆಟ್ಟಿಗೆ ಖಾಲಿ ಇಟ್ಟುಕೊಂಡೇ ಬಂದೆ. ಮಧ್ಯಾಹ್ನದ ಹೊತ್ತಿಗೆ ಆ ಖಾಲಿ ಜಾಗದಲ್ಲಿ ಉದ್ದನೆಯ ಕಾಡುಕೋಳಿ ಗರಿ ಸಿಕ್ಕಿಸಿದ ಕಡುಹಸಿರು ಟೋಪಿಯೊಂದು ಕುಳಿತಿತ್ತು. ಅದನ್ನಿಟ್ಟುಕೊಂಡು ಕನ್ನಡಿ ನೋಡಿದರೆ ಗಂಡ ಬಿಟ್ಟವಳಲ್ಲ, ಗಂಡನನ್ನು ಬಿಟ್ಟವಳು ಕಾಣಿಸುತ್ತಿದ್ದಳು.

ಹೋಟೆಲಿನಲ್ಲಿ ಮಾಣಿ ಬಗ್ಗಿ ಹೇಳಿದ: "ಅಮ್ಮಾವ್ರೇ, ಬೇರೆಲ್ಲೂ ಜಾಗ ಇಲ್ಲ. ಹೋಫ್ರಾಟ್ ಸಾಹೇಬ್ರು ನಿಮ್ಮ ಟೇಬಲ್ಲಿಗೇ ಬರ್ತಾರೆ, ಸ್ವಲ್ಪ ಹೊಂದ್ಕೊಳ್ತೀರಾ?" ಅರಸರು ಹೋಗಿ ನೂರು ವರ್ಷ ಕಳೆದರೂ ‘ಆಸ್ಥಾನ ಸಲಹೆಗಾರ’ ಎಂಬ ಆ ಬಿರುದು ಕಿವಿಗೆ ಬಿದ್ದರೆ ನಮ್ಮವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಾನು ಇಬ್ಬರಿಗೂ ಊಟ ಹೇಳಿ, ಪೆಟ್ಟಿಗೆ ತೆರೆದು ತುಟಿಯ ಬಣ್ಣ ತೆಗೆದುಕೊಂಡು, ಮುಚ್ಚುವುದನ್ನೂ ಮರೆತು ಕನ್ನಡಿಯ ಕೋಣೆಗೆ ಓಡಿದೆ. ಅಲ್ಲಿಂದಲೇ ಎಗಾನ್‌ಗೆ ಫೋನು ಮಾಡಿದೆ: "ಶನಿವಾರ ಇಬ್ರು ಬರ್ತೀವಿ. ನನ್ ಜೊತೆ ಹೋಫ್ರಾಟ್ ಒಬ್ರು ಇರ್ತಾರೆ." ಅವನು, "ಹೋಫ್ರಾಟಾ? ನಿನ್ ಜೊತೇನಾ?" ಎಂದ. ಮುಖ ನೋಡದೆ ನಿಶ್ಚಯ ಮಾಡಿಕೊಂಡದ್ದು ತಪ್ಪೇ, ಆದರೆ ಎಗಾನ್‌ನ ಮುಖ ನೋಡಿಯೇ ಮದುವೆಯಾಗಿ ನಾನು ಕಂಡದ್ದಾದರೂ ಏನು?

ಮರಳಿ ಬಂದಾಗ ತಾವು ನನ್ನ ಪೆಟ್ಟಿಗೆಯೊಳಗೆ, ನನ್ನ ಟೋಪಿಯ ಮೇಲೆ, ಬೇಟೆಯಾಡಿದ ಗರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಲಗಿದ್ದಿರಿ. ತಮ್ಮ ಯಜಮಾನ ಹೋಫ್ರಾಟರು ತೀರಿಕೊಂಡ ಮೇಲೆ ಅವರ ಬಿರುದು ತಮಗೆ ಬಂದಿದೆಯೆಂದೂ, ಅವರ ಶ್ರೀಮತಿ ಮಂಗಳವಾರ ಕೂದಲು ಸುರುಳಿ ಮಾಡಿಸಲು ಹೋದಾಗ ತಾವು ಇಲ್ಲೇ ಊಟ ಮಾಡುವಿರೆಂದೂ ಮಾಣಿ ತಿಳಿಸಿದ. ನಾನು ಟೋಪಿ ಎಳೆಯಹೋದರೆ ಅವನು ಬಾಯಿಗೆ ಬೆರಳಿಟ್ಟು, "ಶ್! ಸಾಹೇಬ್ರು ಈಗ್ತಾನೆ ಕಣ್ಮುಚ್ಚಿದ್ದಾರೆ!" ಎಂದು ಗದರಿದ.

ದನದ ಮಾಂಸ ಬೇಯಿಸಿದ ತಾಮ್ರದ ಪಾತ್ರೆ ಬಂದ ಕೂಡಲೇ ತಾವು ಎದ್ದಿರಿ. ತಮ್ಮ ಪಾಲನ್ನೂ ನನ್ನ ಪಾಲನ್ನೂ ಮುಗಿಸಿದಿರಿ. ಮಾಂಸದ ಜೊತೆ ಬಂದ ಖಾರ ಮೂಲಂಗಿ ತಮಗೆ ಆಗುವುದಿಲ್ಲವಂತೆ, ಅದಷ್ಟನ್ನೂ ನನಗೇ ಬಿಟ್ಟುಕೊಟ್ಟ ತಮ್ಮ ಔದಾರ್ಯವನ್ನು ಮರೆಯಲಾರೆ. ಆಗ ಬಂದ ಕಣ್ಣೀರಿಗೆ ಮೂಲಂಗಿಯೊಂದೇ ಕಾರಣವಲ್ಲ. ಮತ್ತೆ ಟೋಪಿಯ ಮೇಲೆ ಮಲಗಿದಿರಿ, ನನ್ನ ರೈಲು ತಪ್ಪಿತು.

ಆದ್ದರಿಂದ ತಮ್ಮಲ್ಲಿ ವಿನಂತಿ. ಗರಿಯನ್ನು ಹಿಂದಿರುಗಿಸಬೇಕಾಗಿಲ್ಲ. ಟೋಪಿ ಈಗ ದೋಸೆಯಂತಾಗಿದೆ, ಅದನ್ನು ಉಬ್ಬಿಸಿಕೊಡಬೇಕಾಗಿಯೂ ಇಲ್ಲ. ಎಗಾನ್ ಈಗಾಗಲೇ ಊರೆಲ್ಲ ಸಾರಿ, ವಧುವಿನ ತಂದೆಯ ಪಕ್ಕದ ಕುರ್ಚಿಗೆ ‘ಹೋಫ್ರಾಟ್’ ಎಂದು ಚೀಟಿ ಬರೆಸಿಟ್ಟಿದ್ದಾನಂತೆ. ಶನಿವಾರ ಹನ್ನೊಂದು ಗಂಟೆಗೆ ತಾವು ಬಂದು ಆ ಕುರ್ಚಿಯಲ್ಲಿ ಕುಳಿತರೆ ಸಾಕು. ನನ್ನ ಮಾತು ಸುಳ್ಳಾಗುವುದಿಲ್ಲ. ತಮ್ಮ ಪ್ರಯಾಣಕ್ಕೆ ಅರ್ಧ ಪೆಟ್ಟಿಗೆ ಖಾಲಿ ಇಟ್ಟಿರುತ್ತೇನೆ.

ಹಸಿದ ಹೊಟ್ಟೆಯಲ್ಲೂ ತಮ್ಮ ವಿಶ್ವಾಸಿ,
ರೋಸ್ವಿತಾ ಪ್ರೆಟ್ನರ್

ತಾ.ಕ.: ತಿಂದು, ಮಲಗಿ, ಗೊರಕೆ ಹೊಡೆಯುವುದರಲ್ಲಿ ತಮಗೂ ಎಗಾನ್‌ಗೂ ನಾನು ವ್ಯತ್ಯಾಸ ಕಾಣಲಿಲ್ಲ. ಎದ್ದ ಮೇಲೆ ತಾವು ನನ್ನನ್ನು ನೋಡಿ ಬಾಲ ಅಲ್ಲಾಡಿಸಿದಿರಲ್ಲ, ಅಲ್ಲಿ ಅವನು ಸೋತ.